ಯಾರೂ ಏಕೆ ಎಂದು ಕೇಳಲಿಲ್ಲ: ಕಾದಂಬರಿ ಓದುವ ವಿದ್ಯಾರ್ಥಿಗಳ ಸ್ವಂತ ಪ್ರಶ್ನೆಗೆ ದಾರಿ

"ಯಾರಿಗಾದರೂ ಪ್ರಶ್ನೆಗಳಿವೆಯೇ?" ಎಂದು ನಾವು ಕೇಳುವ ಹೊತ್ತು ಯಾವುದೆಂದು ಒಮ್ಮೆ ಗಮನಿಸಿ. ಪಾಠ ಮುಗಿದಿರುತ್ತದೆ, ಸೀಮೆಸುಣ್ಣ ಕೆಳಗಿಟ್ಟಾಗಿರುತ್ತದೆ, ಗಂಟೆ ಹೊಡೆಯಲು ಎರಡು ನಿಮಿಷ ಉಳಿದಿರುತ್ತದೆ. ವಿದ್ಯಾರ್ಥಿಗಳಿಗೆ ಅದು "ಇನ್ನು ಹೊರಡಬಹುದು" ಎಂಬ ಅಪ್ಪಣೆಯಾಗಿ ಕೇಳಿಸುತ್ತದೆ. ಯಾರೂ ಬಾಯಿ ಬಿಡುವುದಿಲ್ಲ. ಹತ್ತು ಹೆಜ್ಜೆ ಆಚೆ, ಮೆಟ್ಟಿಲ ಬಳಿ, ಅದೇ ಹುಡುಗಿಯರು "ಅವಳು ಆ ಕಾಗದವನ್ನು ಓದದೆ ಸುಟ್ಟಿದ್ದೇಕೆ? ನಾನಾಗಿದ್ದರೆ ಓದಿಯೇ ಸುಡುತ್ತಿದ್ದೆ" ಎಂದು ವಾದಕ್ಕಿಳಿದಿರುತ್ತಾರೆ. ಪ್ರಶ್ನೆಗಳಿಗೇನೂ ಬರವಿಲ್ಲ. ಅವು ತರಗತಿಯ ಬಾಗಿಲಾಚೆ ಹುಟ್ಟುತ್ತಿವೆ, ಅಷ್ಟೆ.

ಅವುಗಳನ್ನು ಬಾಗಿಲೊಳಗೆ ಕರೆತರುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಪ್ರೌಢಶಾಲೆಯಿಂದ ಪದವಿ ತರಗತಿಯವರೆಗೆ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇದು ನಡೆಯುತ್ತದೆ. ವರ್ಷಗಳ ಕಾಲ ಕಾದಂಬರಿ ಕಲಿಸಿದ ಮೇಲೆ ನನಗೆ ಖಚಿತವಾಗಿರುವುದು ಒಂದು ಮಾತು: ಪ್ರಶ್ನೆ ಹುಟ್ಟುವುದು ಓದು ಎಡವಿದ ಜಾಗದಲ್ಲಿ. ಹಾಗಾಗಿ "ಪ್ರಶ್ನೆ ಕೇಳಿ" ಎನ್ನುವ ಬದಲು "ಎಲ್ಲಿ ಎಡವಿದಿರಿ?" ಎಂದು ಆರಂಭಿಸಬೇಕು. ಮುಂದಿನದೆಲ್ಲ ಆ ಎಡವುವಿಕೆಯನ್ನು ಕಾಪಾಡಿ, ತಿದ್ದಿ, ಬೆಳೆಸುವ ಕೆಲಸ.

ಮೊದಲು ನೀವು ಎಡವಿ

ಒಂದೇ ಕಾದಂಬರಿಯನ್ನು ಹತ್ತನೆಯ ಬಾರಿ ಕಲಿಸುತ್ತಿರುವವರ ದೊಡ್ಡ ತೊಡಕು, ಅವರಿಗೆ ಎಲ್ಲವೂ ಗೊತ್ತಿರುವುದು. ಯಾರು ಸಾಯುತ್ತಾರೆ, ಯಾವ ಪುಟದಲ್ಲಿ ಗುಟ್ಟು ಬಯಲಾಗುತ್ತದೆ, ಶೀರ್ಷಿಕೆಯ ಸ್ವಾರಸ್ಯವೇನು ಎಂಬುದೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅಂಥವರು ಕೇಳುವ ಪ್ರಶ್ನೆಯಲ್ಲಿ ಉತ್ತರದ ವಾಸನೆ ಇದ್ದೇ ಇರುತ್ತದೆ. ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ, ಹಿಡಿದ ಮೇಲೆ ಕಾದಂಬರಿಯನ್ನು ಬಿಟ್ಟು ನಿಮ್ಮ ಮುಖವನ್ನು ಓದತೊಡಗುತ್ತಾರೆ.

1947ರಲ್ಲಿ ಶಿಕಾಗೊದಲ್ಲಿ ಆರಂಭವಾದ ಗ್ರೇಟ್ ಬುಕ್ಸ್ ಫೌಂಡೇಶನ್ ಎಂಬ ಸಂಸ್ಥೆ ಬೆಳೆಸಿದ ಚರ್ಚಾಕ್ರಮದಲ್ಲಿ ಒಂದು ಕಟ್ಟುಪಾಡು ಇದೆ. ಚರ್ಚೆ ನಡೆಸುವವರು, ಉತ್ತರದ ಬಗ್ಗೆ ತಮಗೇ ನಿಜವಾದ ಅನುಮಾನವಿರುವ ಪ್ರಶ್ನೆಯನ್ನೇ ಎತ್ತಬೇಕು. ಕೇಳಲು ಸರಳ, ಪಾಲಿಸಲು ಕಷ್ಟ. ತರಗತಿಗೆ ಹೋಗುವ ಮೊದಲು ಪೆನ್ಸಿಲ್ ಹಿಡಿದು ಇನ್ನೊಮ್ಮೆ ಓದಿ, ನಿಮಗೆ ಇಂದಿಗೂ ಬಗೆಹರಿಯದ ಎರಡು ಜಾಗಗಳನ್ನಾದರೂ ಗುರುತಿಸಿಕೊಳ್ಳಿ. ಒಂದೂ ಸಿಗದಿದ್ದರೆ ಆ ಕಾದಂಬರಿಯನ್ನು ಈ ವರ್ಷ ಬದಲಾಯಿಸುವುದು ಒಳ್ಳೆಯದು.

ಎಲ್ಲೆಲ್ಲಿ ನಿಲ್ಲಬೇಕು ಎಂಬುದನ್ನೂ ಈ ಓದಿನಲ್ಲೇ ನಿರ್ಧರಿಸಿ. ಅಧ್ಯಾಯ ಮುಗಿದಲ್ಲಿ ನಿಲ್ಲುವುದು ಎಲ್ಲರ ರೂಢಿ. ಆದರೆ ಎಷ್ಟೋ ಅಧ್ಯಾಯಗಳು ಒಂದು ಎಳೆಯನ್ನು ಮುಗಿಸಿ ಓದುಗರನ್ನು ಸಮಾಧಾನಪಡಿಸಿಯೇ ಬಿಡುತ್ತವೆ. ಲೇಖಕರು ಏನನ್ನೋ ಹೇಳದೆ ದಾಟಿದ ಕಡೆ ನಿಲ್ಲಿ: ಮಾತು ಅರ್ಧಕ್ಕೆ ತುಂಡಾದಲ್ಲಿ, ಮೂರು ವರ್ಷ ಒಂದೇ ವಾಕ್ಯದಲ್ಲಿ ಕಳೆದುಹೋದಲ್ಲಿ, ಕಾರಣ ಹೇಳದೆ ಯಾರೋ ಎದ್ದು ಹೋದಲ್ಲಿ. ಇಡೀ ಕಾದಂಬರಿಗೆ ಇಂಥ ಐದಾರು ನಿಲ್ದಾಣ ಸಾಕು.

ಪ್ರಶ್ನೆಗಿಂತ ಮೊದಲು ಗುರುತು

ಮೊದಲ ವಾರ ಪ್ರಶ್ನೆಯ ಮಾತನ್ನೇ ಎತ್ತಬೇಡಿ. ಪುಟದ ಅಂಚಿನಲ್ಲಿ ಗುರುತು ಹಾಕುವುದನ್ನು ಮಾತ್ರ ಕಲಿಸಿ. ಅರ್ಥವಾಗದೆ ನಿಂತ ಕಡೆ ಪ್ರಶ್ನಾರ್ಥಕ ಚಿಹ್ನೆ, ಬೆಚ್ಚಿದ ಕಡೆ ಉದ್ಗಾರ ಚಿಹ್ನೆ, "ಇದನ್ನು ನಾನು ಒಪ್ಪುವುದಿಲ್ಲ" ಅನ್ನಿಸಿದ ಕಡೆ ಅಡ್ಡಗೀಟು. ಗ್ರಂಥಾಲಯದ ಪುಸ್ತಕವಾದರೆ ಪುಟಗಳ ನಡುವೆ ಕಾಗದದ ಚೀಟಿ. ಅಧ್ಯಾಯಕ್ಕೆ ಮೂರು ಗುರುತು ಕಡ್ಡಾಯ, ಹೆಚ್ಚಿಗೆ ಅವರವರ ಇಷ್ಟ. "ನನಗೆ ಎಲ್ಲವೂ ಅರ್ಥವಾಯಿತು" ಎಂದು ಗುರುತಿಲ್ಲದ ಪುಸ್ತಕ ತರುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಮತ್ತು ಅವರು ಸಾಮಾನ್ಯವಾಗಿ ಹೆಚ್ಚು ಅಂಕ ಪಡೆಯುವವರೇ. ಅರ್ಥವಾಗದಿರುವುದು ಸೋಲು ಎಂದು ಅವರಿಗೆ ಯಾರೋ ಕಲಿಸಿಬಿಟ್ಟಿರುತ್ತಾರೆ. ಗದರಬೇಡಿ, ಒಪ್ಪದ ಕಡೆಗಳನ್ನು ಗುರುತಿಸಲು ಹೇಳಿ. ಅಡ್ಡಗೀಟು ಹಾಕುವುದಕ್ಕೆ ಜಾಣರಿಗೆ ಸಂಕೋಚವಿಲ್ಲ.

ಗುರುತು ಹಾಕುವುದನ್ನು ಒಮ್ಮೆ ನೀವೇ ಗಟ್ಟಿಯಾಗಿ ಓದಿ, ನಡುನಡುವೆ ನಿಂತು ತೋರಿಸಬೇಕು. ಇದಕ್ಕಾಗಿ ನಾನು ಕಟ್ಟಿಕೊಂಡ ಮೂರು ವಾಕ್ಯಗಳು ಹೀಗಿವೆ. ಇವು ಯಾವ ಕಾದಂಬರಿಯಿಂದಲೂ ತೆಗೆದವಲ್ಲ.

"ಆ ವರ್ಷ ಮಳೆ ಹಿಡಿಯುವ ಮೊದಲೇ ಅಜ್ಜ ಬಾವಿಯ ಮೇಲೆ ಹಲಗೆ ಹಾಸಿ ಮೊಳೆ ಹೊಡೆದ. ಯಾರೂ ಏಕೆ ಎಂದು ಕೇಳಲಿಲ್ಲ. ಅಮ್ಮ ಮಾತ್ರ ಅಂದಿನಿಂದ ಬಿಂದಿಗೆಯನ್ನು ಮಗುಚಿ ಇಟ್ಟಳು."

ಓದುತ್ತ ನಾನು "ಆ ವರ್ಷ" ಎಂಬಲ್ಲಿ ನಿಲ್ಲುತ್ತೇನೆ. ಯಾವ ವರ್ಷ? ನನಗೆ ಗೊತ್ತಿರಬೇಕೆಂಬಂತೆ ಹೇಳುತ್ತಿದ್ದಾರಲ್ಲ! ಒಂದು ಗುರುತು. "ಮೊಳೆ ಹೊಡೆದ" ಎಂಬಲ್ಲಿ ಇನ್ನೊಂದು, ಏಕೆಂದರೆ ಬಾವಿ ಮುಚ್ಚಲು ಹಲಗೆಯೇ ಸಾಕಿತ್ತು. ಮೂರನೆಯದನ್ನು ನಾನು ಹಾಕುವುದಿಲ್ಲ, ಅವರಿಗೆ ಬಿಡುತ್ತೇನೆ. ತಪ್ಪುವುದನ್ನೂ ತೋರಿಸಬೇಕು: ಒಮ್ಮೊಮ್ಮೆ "ಇಲ್ಲ, ಇದು ಸುಮ್ಮನೆ ಗೊಂದಲ, ಎರಡನೆಯ ಸಲ ಓದಿದಾಗ ಸರಿಹೋಯಿತು" ಎಂದು ಗುರುತು ಅಳಿಸುತ್ತೇನೆ.

ಸುರಿಯುವ ಹತ್ತು ನಿಮಿಷ

ಗುರುತುಗಳು ಕೂಡಿದ ಮೇಲೆ ಅವನ್ನು ಪ್ರಶ್ನೆಯಾಗಿಸುವ ಕೆಲಸ. ಇದಕ್ಕೆ ನಾನು ಕಂಡ ಅತ್ಯುತ್ತಮ ಉಪಾಯ ಹುಟ್ಟಿದ್ದು ಸಾಹಿತ್ಯ ತರಗತಿಯಲ್ಲಿ ಅಲ್ಲವೇ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ, ಮಕ್ಕಳು ಶಾಲೆ ಬಿಡುವುದನ್ನು ತಡೆಯುವ ಕೆಲಸದಲ್ಲಿದ್ದವರಿಗೆ ಅಲ್ಲಿನ ತಂದೆತಾಯಿಯರು ಒಂದು ಮಾತು ಹೇಳಿದರು: ಶಾಲೆಯ ಸಭೆಗೆ ಹೋದರೆ ಏನು ಕೇಳಬೇಕೆಂಬುದೇ ತಮಗೆ ತಿಳಿಯದು, ಅದಕ್ಕೇ ಹೋಗುವುದಿಲ್ಲ ಎಂದು. ಆ ಮಾತಿನಿಂದ ಹೊರಟು ಡ್ಯಾನ್ ರಾಥ್‌ಸ್ಟೀನ್ ಮತ್ತು ಲೂಸ್ ಸಾಂಟಾನಾ ಎಂಬಿಬ್ಬರು ಪ್ರಶ್ನೆ ರೂಪಿಸುವ ಒಂದು ಕ್ರಮವನ್ನು ಕಟ್ಟಿದರು. ಇಂದು ಅದು ನಾನಾ ದೇಶಗಳ ತರಗತಿಗಳಲ್ಲಿ ಬಳಕೆಯಲ್ಲಿದೆ. ಅದರ ತಿರುಳು ನಾಲ್ಕು ನಿಯಮಗಳು:

ಎಷ್ಟು ಸಾಧ್ಯವೋ ಅಷ್ಟು ಪ್ರಶ್ನೆ ಕೇಳಿ.
ನಡುವೆ ನಿಂತು ಚರ್ಚಿಸಬೇಡಿ, ತೂಗಬೇಡಿ, ಉತ್ತರಿಸಬೇಡಿ.
ಪ್ರತಿ ಪ್ರಶ್ನೆಯನ್ನೂ ಕೇಳಿದ ಮಾತಿನಲ್ಲೇ ಬರೆದುಕೊಳ್ಳಿ.
ಹೇಳಿಕೆ ಬಂದರೆ ಅದನ್ನು ಪ್ರಶ್ನೆಯಾಗಿ ತಿರುಗಿಸಿ.

ನಾಲ್ಕೈದು ಜನರ ಗುಂಪು ಮಾಡಿ, ಒಬ್ಬರಿಗೆ ಬರೆಯುವ ಕೆಲಸ ಕೊಡಿ, ಹತ್ತು ನಿಮಿಷ ಬಿಡಿ. ಮುಂದಿಡಬೇಕಾದದ್ದು ಗುರುತು ಬಿದ್ದ ಒಂದು ಭಾಗವನ್ನು ಮಾತ್ರ, ನಿಮ್ಮ ಪ್ರಶ್ನೆಯನ್ನಲ್ಲ. ಮೇಲಿನ ಬಾವಿಯ ವಾಕ್ಯಗಳಿಗೆ ಬರುವ ಪ್ರಶ್ನೆಗಳು ಸುಮಾರಾಗಿ ಹೀಗಿರುತ್ತವೆ. ಬಾವಿಯಲ್ಲಿ ಏನಿತ್ತು? ಯಾರಾದರೂ ಬಿದ್ದು ಸತ್ತರೇ? ನೀರಿಗೆ ಆಮೇಲೆ ಎಲ್ಲಿಗೆ ಹೋದರು? ಬಿಂದಿಗೆ ಮಗುಚಿದರೆ ಅಜ್ಜನಿಗೆ ಏನಾಗಬೇಕು? ಎಷ್ಟು ಮೊಳೆ ಹೊಡೆದ?

ಕೊನೆಯದಕ್ಕೆ ತರಗತಿ ನಗುತ್ತದೆ. ನೀವು ನಗಬೇಡಿ. ಒಂದು ಮೊಳೆ ಹೊಡೆಯುವವನಿಗೂ ಐವತ್ತು ಮೊಳೆ ಹೊಡೆಯುವವನಿಗೂ ಬಹಳ ವ್ಯತ್ಯಾಸವಿದೆ. ಒಬ್ಬನದು ಎಚ್ಚರಿಕೆ, ಇನ್ನೊಬ್ಬನದು ದಿಗಿಲು. ತಮಾಷೆಗೆಂದು ಕೇಳಿದ ಹುಡುಗನಿಗೆ ತಾನು ಕೇಳಿದ್ದರ ತೂಕ ಗೊತ್ತಿರಲಿಕ್ಕಿಲ್ಲ. ಎರಡನೆಯ ನಿಯಮ ಇರುವುದೇ ಅಂಥ ಪ್ರಶ್ನೆ ಹುಟ್ಟಿದ ಗಳಿಗೆಯಲ್ಲೇ ಸಾಯದಿರಲಿ ಎಂದು.

ನಿಮಗೂ ಇಲ್ಲಿ ಒಂದು ಪಥ್ಯವಿದೆ. "ಒಳ್ಳೆಯ ಪ್ರಶ್ನೆ!" ಎನ್ನಬಾರದು. ಒಬ್ಬಳ ಪ್ರಶ್ನೆಯನ್ನು ಹೊಗಳಿದೊಡನೆ ಮಿಕ್ಕವರು ಅದರ ಮರಿಗಳನ್ನು ಹಾಕತೊಡಗುತ್ತಾರೆ. ಹೊಗಳಿಕೆ ಸಿಗದವನು ಸುಮ್ಮನಾಗುತ್ತಾನೆ. ಎಲ್ಲರಿಗೂ ಒಂದೇ ಬಗೆಯ "ಬರೆದುಕೊಳ್ಳಿ" ಸಾಕು. ಮೂರನೆಯ ನಿಯಮವನ್ನೂ ಸಡಿಲ ಬಿಡಬೇಡಿ. ಆಡುಮಾತಿನಲ್ಲಿ ಬಂದ ಪ್ರಶ್ನೆಯನ್ನು ಗ್ರಾಂಥಿಕಕ್ಕೆ ತಿದ್ದಿ ಬರೆದರೆ ಅದು ಕೇಳಿದವನ ಕೈ ತಪ್ಪಿ ನಿಮ್ಮದಾಗುತ್ತದೆ. ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ "ಕೇಳು" ಎಂಬ ಒಂದೇ ಕ್ರಿಯಾಪದವಿದೆ. ಈ ಹತ್ತು ನಿಮಿಷ ಅವರು ಮೊದಲ ಅರ್ಥದಲ್ಲಿ ಕೇಳಲಿ, ನೀವು ಎರಡನೆಯ ಅರ್ಥದಲ್ಲಿ.

ಬಾಲ ನೋಡಿ ತಿದ್ದುವುದು

ಹೌದು ಅಥವಾ ಇಲ್ಲ ಎಂದರೆ ಮುಗಿಯುವ ಪ್ರಶ್ನೆಯನ್ನು ಗುರುತಿಸುವುದು ಕನ್ನಡದಲ್ಲಿ ಬಹಳ ಸುಲಭ. ಅಂಥ ಪ್ರಶ್ನೆಯ ಗುಟ್ಟು ಅದರ ಬಾಲದಲ್ಲಿದೆ: ಇತ್ತೇ, ಬಿದ್ದರೇ, ಅಲ್ಲವೇ, ಗೊತ್ತೋ. ಬಿಡಿಸಿ ಉತ್ತರಿಸಬೇಕಾದ ಪ್ರಶ್ನೆಯಲ್ಲಾದರೋ ಏಕೆ, ಹೇಗೆ, ಏನು, ಯಾವ ಎಂಬ ಇಡೀ ಪದವೇ ಬಂದು ಕೂರುತ್ತದೆ. ಪಟ್ಟಿಯ ಮೇಲೆ ಕಣ್ಣಾಡಿಸಿ ಬಾಲವಿರುವವಕ್ಕೆ ಗೆರೆ ಎಳೆಯಲು ಹೇಳಿ. ಎರಡು ನಿಮಿಷದ ಕೆಲಸ.

ಆಮೇಲೆ ಒಂದನ್ನು ಇನ್ನೊಂದಾಗಿ ತಿರುಗಿಸುವ ಅಭ್ಯಾಸ. "ಅಮ್ಮನಿಗೆ ಕಾರಣ ಗೊತ್ತಿತ್ತೇ?" ಎಂಬುದು "ಅಮ್ಮನಿಗೆ ಎಷ್ಟು ಗೊತ್ತಿತ್ತು, ಅದು ನಮಗೆ ಹೇಗೆ ತಿಳಿಯುತ್ತದೆ?" ಎಂದಾಗುತ್ತದೆ. ತಿರುಗಿಸಿದ್ದು ಯಾವಾಗಲೂ ಮೇಲು ಎಂದು ತಿಳಿಯಬೇಡಿ. "ಅಜ್ಜ ಏಕೆ ಹೀಗೆ ಮಾಡಿದ?" ಎಂಬ ಅಗಲವಾದ ಪ್ರಶ್ನೆಗಿಂತ "ಅಜ್ಜ ಮೊಳೆ ಹೊಡೆದದ್ದು ಯಾರೂ ಒಳಗೆ ಬೀಳದಿರಲಿ ಎಂದೋ, ಯಾರೂ ಒಳಗೆ ನೋಡದಿರಲಿ ಎಂದೋ?" ಎಂಬ ಬಾಲದ ಪ್ರಶ್ನೆ ಹೆಚ್ಚು ಹರಿತ. ಎರಡು ದಾರಿಗಳನ್ನು ಎದುರುಬದುರು ನಿಲ್ಲಿಸುವ ಇಂಥ ಪ್ರಶ್ನೆ ಒಂದು ಇಡೀ ಅವಧಿಯ ಚರ್ಚೆಯನ್ನು ಹೊರಬಲ್ಲದು.

"ಏಕೆ" ಎಂಬುದರ ಬಗ್ಗೆ ಇನ್ನೊಂದು ಮಾತು. ಇಂಗ್ಲೆಂಡಿನ ಲೇಖಕ, ಶಿಕ್ಷಕ ಏಡನ್ ಚೇಂಬರ್ಸ್ ಮಕ್ಕಳೊಂದಿಗೆ ಪುಸ್ತಕದ ಮಾತಾಡುವಾಗ ಈ ಪದವನ್ನೇ ಬಿಡಬೇಕೆಂದು ಸೂಚಿಸಿದರು. "ನಿನಗೆ ಏಕೆ ಹಾಗನ್ನಿಸಿತು?" ಎಂಬುದು ಮಗುವಿಗೆ ವಿಚಾರಣೆಯಂತೆ ಕೇಳಿಸುತ್ತದೆ ಎಂಬುದು ಅವರ ಅನುಭವ. ಅವರು ಅದರ ಬದಲು "ಅದರ ಬಗ್ಗೆ ಹೇಳು" ಎನ್ನುತ್ತಿದ್ದರು. ನೀವು ವಿದ್ಯಾರ್ಥಿಗೆ ಹೇಳುವಾಗ ಈ ಸಲಹೆ ಸರಿ. ವಿದ್ಯಾರ್ಥಿ ಕಾದಂಬರಿಯನ್ನು ಕೇಳುವಾಗ ಮಾತ್ರ ವಿಚಾರಣೆ ನಡೆಯಲಿ, ಕಾದಂಬರಿಗೆ ನೋವಾಗುವುದಿಲ್ಲ.

ಉತ್ತರ ಎಲ್ಲಿ ವಾಸವಾಗಿದೆ?

1980ರ ದಶಕದಲ್ಲಿ ಅಮೆರಿಕದ ಓದಿನ ಸಂಶೋಧಕಿ ಟ್ಯಾಫಿ ರಾಫೆಲ್, ಪ್ರಶ್ನೆಗಳನ್ನು ಉತ್ತರ ಸಿಗುವ ಜಾಗದ ಪ್ರಕಾರ ನಾಲ್ಕಾಗಿ ವಿಂಗಡಿಸಿದರು. ನನ್ನ ಮಾತಿನಲ್ಲಿ ಹೇಳುವುದಾದರೆ: ಒಂದೇ ಸಾಲಿನಲ್ಲಿ ಇದೆ, ಹಲವು ಪುಟಗಳಿಂದ ಹೆಕ್ಕಿ ಜೋಡಿಸಬೇಕು, ಪುಸ್ತಕದ ಸುಳಿವು ಮತ್ತು ನನ್ನ ತಿಳಿವಳಿಕೆ ಎರಡೂ ಬೇಕು, ಪುಸ್ತಕವಿಲ್ಲದೆಯೂ ನಾನು ಉತ್ತರಿಸಬಲ್ಲೆ. ನೆಲದ ಮೇಲೆ ನಾಲ್ಕು ಚೌಕ ಬರೆದು ಪ್ರಶ್ನೆಯ ಚೀಟಿಗಳನ್ನು ಹಂಚಲು ಬಿಟ್ಟರೆ ಜಗಳ ತಾನಾಗಿ ಶುರುವಾಗುತ್ತದೆ. "ಇದು ಎರಡನೆಯದು, ನಲವತ್ತನೆಯ ಪುಟದಲ್ಲಿ ಸುಳಿವಿದೆ" ಎಂದು ಒಬ್ಬಳು, "ಅದು ಸುಳಿವಲ್ಲ, ನಿನ್ನ ಊಹೆ" ಎಂದು ಇನ್ನೊಬ್ಬ. ಆ ಜಗಳವೇ ಪಾಠ. ಚೀಟಿ ಕೊನೆಗೆ ಯಾವ ಚೌಕದಲ್ಲಿ ಬಿತ್ತು ಎಂಬುದು ಅಷ್ಟು ಮುಖ್ಯವಲ್ಲ.

ಮೊದಲ ಚೌಕದ ಪ್ರಶ್ನೆಗಳನ್ನು ಕೀಳಾಗಿ ಕಾಣಬೇಡಿ, ಪರಸ್ಪರ ಉತ್ತರಿಸಿ ತೀರಿಸಿಕೊಳ್ಳಲು ಹೇಳಿ. ಯಾರು ಯಾರಿಗೆ ಏನಾಗಬೇಕು ಎಂಬುದು ಗೊತ್ತಿಲ್ಲದವನು ಮುಂದಕ್ಕೆ ಹೋಗಲಾರ. ಎಚ್ಚರ ಬೇಕಾದದ್ದು ನಾಲ್ಕನೆಯದರಲ್ಲಿ. "ಸತ್ಯ ಹೇಳುವುದು ಯಾವಾಗಲೂ ಒಳ್ಳೆಯದೇ?" ಎಂಬಂಥ ಪ್ರಶ್ನೆಗಳು ಅಲ್ಲಿ ಬಂದು ಸೇರುತ್ತವೆ. ವಿದ್ಯಾರ್ಥಿಗಳಿಗೂ, ನಿಜ ಹೇಳಬೇಕೆಂದರೆ ನಮಗೂ, ಅವು ಬಹಳ ಗಂಭೀರವಾಗಿ ಕಾಣುತ್ತವೆ. ಅವನ್ನು ಹಿಡಿದು ಹೊರಟರೆ ಐದೇ ನಿಮಿಷದಲ್ಲಿ ಕಾದಂಬರಿ ಮುಚ್ಚಿಹೋಗುತ್ತದೆ, ಭಾಷಣ ಸ್ಪರ್ಧೆ ತೆರೆದುಕೊಳ್ಳುತ್ತದೆ. ಅಂಥ ಪ್ರಶ್ನೆಯನ್ನು ಎಸೆಯದೆ ಪುಟಕ್ಕೆ ಕಟ್ಟಿಹಾಕಿ: "ಈ ಕಾದಂಬರಿಯಲ್ಲಿ ಸತ್ಯ ಹೇಳಿ ಕಳೆದುಕೊಂಡವರು ಯಾರು, ಹೇಳದೆ ಕಳೆದುಕೊಂಡವರು ಯಾರು?"

ಕಾದಂಬರಿಯ ಮಟ್ಟಿಗೆ ಬಂಗಾರ ಸಿಗುವುದು ಮೂರನೆಯ ಚೌಕದಲ್ಲಿ. ಅದಕ್ಕೆ ನನ್ನ ಒರೆಗಲ್ಲು ಇದು: ಎಚ್ಚರಿಕೆಯಿಂದ ಓದಿದ ಇಬ್ಬರು, ಇಬ್ಬರೂ ಪುಟದ ಮೇಲೆ ಬೆರಳಿಟ್ಟು, ಬೇರೆ ಬೇರೆ ಉತ್ತರ ಹೇಳಬಹುದೇ? ಹೇಳಬಹುದಾದರೆ ಆ ಪ್ರಶ್ನೆಯನ್ನು ಉಳಿಸಿಕೊಳ್ಳಿ.

ಮೂರನ್ನು ಆರಿಸಿ, ಆಮೇಲೆ ಸುಮ್ಮನಿರಿ

ಪ್ರತಿ ಗುಂಪು ತನ್ನ ಪಟ್ಟಿಯಿಂದ ಮೂರು ಪ್ರಶ್ನೆ ಆರಿಸಿ, ಆಯ್ಕೆಯ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಲಿ. ಕೈಯೆತ್ತಿಸಿ ಮತ ಹಾಕಿಸಬೇಡಿ. ಮತದಾನದಲ್ಲಿ ಗೆಲ್ಲುವುದು ಪ್ರಶ್ನೆಯಲ್ಲ, ಕೇಳಿದವರ ಜನಪ್ರಿಯತೆ. ಎಲ್ಲ ಗುಂಪುಗಳ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು, ಒಂದರಿಂದ ಚರ್ಚೆ ಆರಂಭಿಸಿ.

ಇನ್ನು ನಿಮಗೆ ಕಷ್ಟಕಾಲ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಶಿಕ್ಷಕರು ಪ್ರಶ್ನೆ ಹಾಕಿದ ಮೇಲೆ ಕಾಯುವುದು ಸರಾಸರಿ 1 ಸೆಕೆಂಡಿನಷ್ಟು ಎಂದು ತಿಳಿಯಿತು. ಅದನ್ನು 3 ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಮಾತಾಡದವರು ಮಾತಾಡಿದರು, ವಿದ್ಯಾರ್ಥಿಗಳೇ ಕೇಳುವ ಪ್ರಶ್ನೆಗಳೂ ಹೆಚ್ಚಾದವು. ಪ್ರಶ್ನೆಯ ನಂತರದ ಕಾಯುವಿಕೆಯಷ್ಟೇ, ವಿದ್ಯಾರ್ಥಿ ಮಾತು ನಿಲ್ಲಿಸಿದ ನಂತರದ ಕಾಯುವಿಕೆಯೂ ಫಲ ಕೊಡುತ್ತದೆ ಎಂಬುದು ಅವರ ಕಾಣ್ಕೆಯ ಸೂಕ್ಷ್ಮ ಭಾಗ. ಕಾದಂಬರಿಗೆ 3 ಸೆಕೆಂಡು ಸಾಲದು; ಪುಟ ತಿರುವಿ ಸಾಲು ಹುಡುಕಬೇಕಲ್ಲ. ನಾನು ಕಿಟಕಿಯ ಬಳಿ ಹೋಗಿ ನಿಂತು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಹನ್ನೆರಡರ ಹೊತ್ತಿಗೆ ಯಾರಾದರೂ ಕೆಮ್ಮುತ್ತಾರೆ, ಹದಿನೈದಕ್ಕೆ ಮಾತು ಬರುತ್ತದೆ.

ಯಾರಾದರೂ ನಿಮ್ಮತ್ತ ತಿರುಗಿ "ನೀವೇ ಹೇಳಿ, ಸರಿಯಾದ ಉತ್ತರ ಯಾವುದು?" ಎಂದು ಕೇಳುವುದು ಖಂಡಿತ. ಆಗ ಬಳಸಲು ಕೆಲವು ಮಾತುಗಳನ್ನು ಸಿದ್ಧವಾಗಿಟ್ಟುಕೊಳ್ಳಿ. "ಯಾವ ಸಾಲು ನಿನ್ನನ್ನು ಅಲ್ಲಿಗೆ ಕರೆದೊಯ್ಯಿತು?" "ಇವಳು ಹೇಳಿದ್ದಕ್ಕೂ ನೀನು ಹೇಳಿದ್ದಕ್ಕೂ ಎಲ್ಲಿ ಹೊಂದುತ್ತಿಲ್ಲ?" "ನಿನ್ನ ಉತ್ತರ ಸರಿಯಾದರೆ ಮೂರನೆಯ ಅಧ್ಯಾಯದ ಆ ಪತ್ರ ಏನಾಗುತ್ತದೆ?" ಈ ಮೂರರಲ್ಲಿ ಕೊನೆಯದು ಅತ್ಯಂತ ಉಪಯುಕ್ತ. ವ್ಯಾಖ್ಯಾನವೊಂದು ಗಟ್ಟಿಯೋ ಪೊಳ್ಳೋ ಎಂದು ತಿಳಿಯಲು, ಅದಕ್ಕೆ ಒಗ್ಗದ ಪುಟವನ್ನು ಅದರ ಮುಂದೆ ಇಡಬೇಕು.

ಪ್ರಶ್ನೆಗಳ ಖಾತೆ

ಇಲ್ಲಿಯವರೆಗೆ ಹೇಳಿದ್ದನ್ನು ಸಣ್ಣಕತೆಗೂ ಮಾಡಬಹುದು. ಕಾದಂಬರಿಯ ವಿಶೇಷ ಅದರ ಉದ್ದ. ಮೊದಲ ಅಧ್ಯಾಯದಲ್ಲಿ ಕೇಳಿದ ಪ್ರಶ್ನೆ ವಾರಗಟ್ಟಲೆ ಜೊತೆಗಿರುತ್ತದೆ, ನಡುವೆ ಮರೆತುಹೋಗುತ್ತದೆ, ಮತ್ತೆಲ್ಲೋ ಬೇರೆ ವೇಷದಲ್ಲಿ ಎದುರಾಗುತ್ತದೆ. ಈ ಪಯಣವನ್ನು ಬರೆದಿಡದಿದ್ದರೆ ಅದು ನಡೆದದ್ದೇ ತಿಳಿಯುವುದಿಲ್ಲ.

ಪ್ರತಿಯೊಬ್ಬರ ನೋಟ್ ಪುಸ್ತಕದ ಹಿಂಬದಿಯ ಹತ್ತು ಪುಟ ಇದಕ್ಕೆ ಮೀಸಲಿರಲಿ. ಎಡಗಡೆ ತಾರೀಖು ಮತ್ತು ಪುಟಸಂಖ್ಯೆ, ನಡುವೆ ಪ್ರಶ್ನೆ, ಬಲಗಡೆ ಖಾಲಿ ಜಾಗ. ಪ್ರತಿ ನಿಲ್ದಾಣದಲ್ಲೂ ಹಳೆಯ ಪ್ರಶ್ನೆಗಳನ್ನು ಮತ್ತೆ ಓದಿ, ಬಲಗಡೆ ಏನಾದರೂ ಬರೆಯಬೇಕು. ಉತ್ತರ ಸಿಕ್ಕಿದ್ದರೆ ಉತ್ತರ. ಸಿಗದಿದ್ದರೆ, ಈಗ ಆ ಪ್ರಶ್ನೆಯನ್ನು ಹೇಗೆ ಕೇಳುವಿರಿ ಎಂಬುದು. ಆಸಕ್ತಿಯೇ ಹೋಗಿದ್ದರೆ ಅದನ್ನೂ ಬರೆಯಲಿ, "ಇದು ಈಗ ನನಗೆ ಬೇಡ" ಎಂಬುದು ಕೂಡ ಓದಿನ ಬೆಳವಣಿಗೆಯೇ.

ಬಾವಿಯ ಕಾದಂಬರಿ ನಿಜವಾಗಿ ಇದ್ದಿದ್ದರೆ ಒಬ್ಬ ವಿದ್ಯಾರ್ಥಿನಿಯ ಖಾತೆ ಹೀಗಿರಬಹುದಿತ್ತು. ಮೊದಲ ನಿಲ್ದಾಣದಲ್ಲಿ: "ಬಾವಿಯಲ್ಲಿ ಏನಿತ್ತು?" ಮೂರನೆಯದರಲ್ಲಿ, ಬಾವಿಯಲ್ಲಿ ಏನಿತ್ತೆಂಬುದು ತಿಳಿದ ಮೇಲೆ: "ಮನೆಯವರೆಲ್ಲ ಸುಮ್ಮನಿದ್ದದ್ದು ಏಕೆ?" ಕೊನೆಯ ನಿಲ್ದಾಣದಲ್ಲಿ: "ಯಾರೂ ಕೇಳಲಿಲ್ಲ ಎಂದು ನಮಗೆ ಹೇಳುತ್ತಿರುವವನೂ ಆ ಮನೆಯವನೇ ಅಲ್ಲವೇ? ಅವನು ಏಕೆ ಕೇಳಲಿಲ್ಲ?" ಮೊದಲನೆಯದು ಕತೆಯ ಪ್ರಶ್ನೆ, ಎರಡನೆಯದು ಪಾತ್ರಗಳ ಪ್ರಶ್ನೆ, ಮೂರನೆಯದು ನಿರೂಪಣೆಯ ಪ್ರಶ್ನೆ. ಪಾರಿಭಾಷಿಕ ಪದಗಳ ಪಟ್ಟಿ ಕೊಟ್ಟು "ನಿರೂಪಕನ ನಂಬಲರ್ಹತೆಯನ್ನು ಚರ್ಚಿಸಿ" ಎಂದಿದ್ದರೆ ಅವಳು ಗೈಡಿನಿಂದ ಎರಡು ಪುಟ ಇಳಿಸುತ್ತಿದ್ದಳು. ಇಲ್ಲಿ ತಾನಾಗಿ ಅಲ್ಲಿಗೆ ತಲುಪಿದ್ದಾಳೆ. ಪದವನ್ನು ಈಗ ಕೊಡಿ. ಅದಕ್ಕೆ ಹಿಡಿಯಲು ವಸ್ತು ಸಿಕ್ಕಿದೆ.

ಖಾತೆಯನ್ನು ನೀವು ತಿದ್ದಬೇಡಿ. ಕಾಗುಣಿತದ ತಪ್ಪಿಗೂ ಅಲ್ಲಿ ಕೆಂಪು ಶಾಯಿ ಬೇಡ.

ಅಡ್ಡಿಗಳು

ಎಲ್ಲರೂ ಮೊದಲು ಎತ್ತುವುದು ಸಮಯದ ಮಾತು. ಪ್ರತಿ ಅಧ್ಯಾಯಕ್ಕೂ ಇದೆಲ್ಲ ಬೇಕಿಲ್ಲ. ಐದು ನಿಲ್ದಾಣ, ನಿಲ್ದಾಣಕ್ಕೆ ಒಂದೂವರೆ ಅವಧಿ. ನಡುವಿನ ಅಧ್ಯಾಯಗಳನ್ನು ಅವರು ಮನೆಯಲ್ಲಿ ಗುರುತು ಹಾಕುತ್ತ ಓದುತ್ತಾರೆ.

ಅಂಕದ ಪ್ರಶ್ನೆ ಹೆಚ್ಚು ಜಟಿಲ. ಪ್ರಶ್ನೆಗಳ ಸಂಖ್ಯೆಗೆ ಅಂಕ ಕೊಟ್ಟರೆ ಪ್ರಶ್ನೆಗಳ ಕಾರ್ಖಾನೆ ತೆರೆಯುತ್ತದೆ. ನಾನೂ ಒಂದು ವರ್ಷ ಆ ತಪ್ಪು ಮಾಡಿ ತಲಾ ಐವತ್ತು ಸತ್ತ ಪ್ರಶ್ನೆಗಳನ್ನು ಓದಿದ್ದೇನೆ. ಅಂಕ ಕೊಡಲೇಬೇಕಾದರೆ ಕೊನೆಯಲ್ಲಿ ಒಂದು ಪುಟದ ಬರಹ ಬರೆಸಿ: ನಿನ್ನ ಒಂದು ಪ್ರಶ್ನೆ ಎಲ್ಲಿ ಆರಂಭವಾಯಿತು, ಯಾವ ಪುಟಗಳು ಅದನ್ನು ಬದಲಿಸಿದವು, ಈಗ ಎಲ್ಲಿ ನಿಂತಿದೆ? ಇದನ್ನು ಇಂಟರ್ನೆಟ್ಟಿನಿಂದ ಇಳಿಸುವುದು ಕಷ್ಟ, ಏಕೆಂದರೆ ತಾರೀಖು ಹಾಕಿದ ಖಾತೆ ಪಕ್ಕದಲ್ಲೇ ಇರುತ್ತದೆ. ಪರೀಕ್ಷೆಯಲ್ಲಿ ಬೇರೆ ಬಗೆಯ ಪ್ರಶ್ನೆ ಬರುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಅದಕ್ಕೆ ಕೊನೆಯ ವಾರ ಬೇರೆಯಾಗಿಯೇ ತಯಾರಿ ಮಾಡಿಸಿ.

ಮಾತಾಡದವರಿಗೆ ಚೀಟಿ. ಹೆಸರಿಲ್ಲದೆ ಬರೆದು ಡಬ್ಬಿಗೆ ಹಾಕಲಿ, ನೀವು ಓದಿ ಹೇಳಿ. ವಿಪರೀತ ಮಾತಾಡುವವನಿಗೆ ಬರೆದುಕೊಳ್ಳುವ ಕೆಲಸ. ಇತರರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆಯುವಾಗ ಅವನು ಬಹುಶಃ ಮೊದಲ ಬಾರಿಗೆ ಅದನ್ನು ಕೇಳಿಸಿಕೊಳ್ಳುತ್ತಾನೆ. ಇನ್ನು, ಯಾವ ಪ್ರಶ್ನೆಯೂ ಹೊರಡದೆ ತರಗತಿ ತಣ್ಣಗೆ ಕೂತರೆ ದೋಷ ಹೆಚ್ಚಾಗಿ ನೀವು ಆರಿಸಿದ ಭಾಗದ್ದು. ಎಲ್ಲವನ್ನೂ ತಾನೇ ವಿವರಿಸುವ ಪುಟದಲ್ಲಿ ಎಡವಲು ಕಲ್ಲೇ ಇರುವುದಿಲ್ಲ. ಹತ್ತು ಪುಟ ಹಿಂದೆಯೋ ಮುಂದೆಯೋ ಹೋಗಿ ನೋಡಿ.

ಕಾದಂಬರಿ ಮುಗಿದ ದಿನ ಒಂದು ಕೆಲಸ ಉಳಿದಿರುತ್ತದೆ. ಖಾತೆಯಲ್ಲಿ ಇನ್ನೂ ಉತ್ತರ ಸಿಗದೆ ಉಳಿದಿರುವ ಪ್ರಶ್ನೆಗಳಿಂದ ಒಂದನ್ನು ಆರಿಸಿ ಸಣ್ಣ ಚೀಟಿಯಲ್ಲಿ ಬರೆಯಲು ಪ್ರತಿಯೊಬ್ಬರಿಗೂ ಹೇಳಿ. ಹೆಸರು ಬೇಡ, ಉತ್ತರ ಬೇಡ. ಆ ಚೀಟಿಯನ್ನು ಗ್ರಂಥಾಲಯಕ್ಕೆ ಮರಳಿಸುವ ಪ್ರತಿಯಲ್ಲಿ, ಪ್ರಶ್ನೆ ಹುಟ್ಟಿದ ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಲಿ. ಮುಂದಿನ ವರ್ಷದವರಿಗೆ ಅದು ಸಿಗುತ್ತದೆ.